ಕಟ್ ಹಾಕಿದ್ರೆ ಕೆಲವು ಸಾಲು ಖಾಲಿ ಬರೋದ್ಯಾಕೆ?

ಪ್ರಶ್ನೆ: ಲಿನಕ್ಸ್ ಟರ್ಮಿನಲ್‌ನಲ್ಲಿ ಎಲ್ಎಸ್ ಮೈನಸ್ ಎಲ್ (ಫೈಲ್‌ಗಳ ವಿವರ ತೋರ್ಸೋ ಕಮಾಂಡ್) ಕೊಟ್ಟಾಗ ಬರೋ ಲಿಸ್ಟಿಂದ ನಂಗೆ ಫೈಲ್ ಸೈಜ್ ಮಾತ್ರ ಬೇಕು. ಸಾಲಿಂದ ಬೇಕಾದ ಭಾಗ ಕತ್ತರಿಸಿ ಕೊಡೋ ಕಟ್ ಕಮಾಂಡ್‌ಗೆ ಸ್ಪೇಸನ್ನ ಡಿಲಿಮಿಟರ್ (ಭಾಗಗಳ ನಡುವಿನ ಬೇಲಿ) ಅಂತ ಕೊಟ್ಟು 5ನೇ ಫೀಲ್ಡ್ (ಅಂದ್ರೆ ಭಾಗ) ಕೇಳಿದ್ರೆ ಕೆಲವು ಸಾಲು ಸರಿ ಬರುತ್ತೆ, ಕೆಲವು ಖಾಲಿ. ಯಾಕೆ?

ಇದು ಕಟ್‌ನ ತಪ್ಪಲ್ಲ. ಒಂದು ಸಾಲಲ್ಲಿ ಸೈಜ್ 4096, ಅದ್ರ ಕೆಳಗೆ 812 ಅಂತಿಟ್ಕೊಳ್ಳಿ, ಅಂಕಿಗಳೆಲ್ಲ ಬಲಗಡೆ ಸಮವಾಗಿ ನಿಲ್ಲಲಿ ಅಂತ ಎಲ್ಎಸ್ 812ರ ಹಿಂದೆ ಇನ್ನೊಂದು ಸ್ಪೇಸ್ ತುಂಬುತ್ತೆ, ನಮ್ ಕಣ್ಣಿಗೆ ಅದು ಬರೀ ಜಾಗ, ಕಟ್‌ಗೆ ಮಾತ್ರ ಎರಡು ಸ್ಪೇಸ್ ಅಂದ್ರೆ ಎರಡು ಬೇಲಿ, ನಡುವೆ ಒಂದು ಖಾಲಿ ಫೀಲ್ಡ್. ಆ ಖಾಲೀನೇ 5ನೇದು. 812 ಹೋಗಿ 6ನೇ ಜಾಗದಲ್ಲಿ ಕೂತಿರುತ್ತೆ.

ಇಂಥ ಕಡೆ ಆಕ್ ಅನ್ನೋ ಇನ್ನೊಂದು ಕಮಾಂಡ್ ಬಳಸಿ. ಬೇರೇನೂ ಹೇಳ್ದಿದ್ರೆ ಅದು ಸ್ಪೇಸು ಟ್ಯಾಬು ಎಷ್ಟು ಒಟ್ಟಿಗಿದ್ರೂ ಒಂದೇ ಬೇಲಿ ಅಂತ ತಗೊಳ್ಳುತ್ತೆ, ಪ್ರಿಂಟ್ ಡಾಲರ್ 5 ಅಂದ್ರೆ ಆಯ್ತು. ಕೊನೇ ಫೀಲ್ಡ್ ಬೇಕಾದ್ರೆ ಡಾಲರ್ ಎನ್ಎಫ್, ಎಣಿಸ್ತಾ ಕೂರೋದೇ ಬೇಡ. (1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹನ್ ಮಾಡಿದ್ದು, ಹೆಸರು ಬಂದಿದ್ದೂ ಅವರ ಇನಿಶಿಯಲ್‌ಗಳಿಂದಲೇ.) ಕಟ್‌ನಲ್ಲೇ ಮಾಡ್ತೀನಿ ಅನ್ನೋರು ಮೊದ್ಲು ಟಿಆರ್ ಅನ್ನೋ ಕಮಾಂಡ್‌ಗೆ ಮೈನಸ್ ಎಸ್ ಹಾಕಿ ಸ್ಪೇಸ್‌ಗಳನ್ನ ಒಂದಕ್ಕೆ ಇಳಿಸ್ಕೊಳ್ಳಿ.

ಆದ್ರೆ ಹಿಂಗೆ ಒಟ್ಟುಗೂಡಿಸೋದು ಎಲ್ಲಾ ಕಡೆ ಒಳ್ಳೇದಲ್ಲ. ಇಟಿಸಿ ಫೋಲ್ಡರ್ ಒಳಗಿರೋ, ಯೂಸರ್ ಅಕೌಂಟ್‌ಗಳ ಪಟ್ಟಿ ಇರೋ ಪಾಸ್‌ಡಬ್ಲ್ಯುಡಿ ಫೈಲ್ ನೋಡಿ, ಕೋಲನ್‌ನಿಂದ ಬೇರೆಯಾದ 7 ಫೀಲ್ಡ್, 1ನೇದು ಯೂಸರ್ ಹೆಸರು, 6ನೇದು ಹೋಮ್ ಡೈರೆಕ್ಟರಿ, 7ನೇದು ಶೆಲ್ (ನಾವು ಕೊಟ್ಟ ಕಮಾಂಡ್ ಓದಿ ನಡೆಸೋ ಪ್ರೋಗ್ರಾಮ್). 5ನೇ ಫೀಲ್ಡ್ ಎಷ್ಟೋ ಅಕೌಂಟ್‌ಗಳಿಗೆ ಖಾಲಿ ಇರುತ್ತೆ, ಅಲ್ಲಿ ಎರಡು ಕೋಲನ್ ಅಂಟ್ಕೊಂಡೇ ಇರ್ತವೆ, ಅವನ್ನ ಒಂದು ಮಾಡಿಬಿಟ್ರೆ ಹೋಮ್ ಡೈರೆಕ್ಟರಿ ಒಂದು ಮನೆ ಹಿಂದಕ್ಕೆ ಜಾರುತ್ತೆ. ಇಲ್ಲಿ ಖಾಲಿ ಅನ್ನೋದೂ ಡೇಟಾನೇ, ಅದಕ್ಕೇ ಇಲ್ಲಿ ಕಟ್ ಸರಿ. ಒಂದು ಎಚ್ಚರ: 7,1 ಅಂತ ಕೇಳಿದ್ರೂ ಕಟ್ 1, 7 ಅಂತಾನೇ ಕೊಡುತ್ತೆ. ಉಲ್ಟಾ ಬೇಕಂದ್ರೆ ಮತ್ತೆ ಆಕೇ, ಮೈನಸ್ ದೊಡ್ಡ ಎಫ್ ಪಕ್ಕ ಕೋಲನ್ ಕೊಟ್ಟು.

ಸಿಎಸ್‌ವಿ (ಕಾಮಾದಿಂದ ಕಾಲಮ್ ಬೇರೆ ಮಾಡಿರೋ ಫೈಲ್) ವಿಷ್ಯದಲ್ಲಿ ಮಾತ್ರ ಹುಷಾರು. ಅಡ್ರೆಸ್ ಕಾಲಮ್‌ನಲ್ಲಿ "ಮಲ್ಲೇಶ್ವರಂ, ಬೆಂಗಳೂರು" ಅಂತ ಕೋಟ್ಸ್ ಒಳಗೆ ಕಾಮಾ ಇದ್ರೆ ಕಟ್‌ಗೆ ಕೋಟ್ಸ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಮಲ್ಲೇಶ್ವರಂ ಒಂದ್ಕಡೆ ಬೆಂಗಳೂರು ಒಂದ್ಕಡೆ ಆಗುತ್ತೆ, ಮುಂದಿನ ಪಿನ್‌ಕೋಡೂ ಜರುಗುತ್ತೆ. ಅದಕ್ಕೆ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಹಿಡೀರಿ.