ಕೆಂಪು ತುದಿಯ ಕಡ್ಡಿ ಯಾಕೆ ಕರಗಲ್ಲ?

ಹೋದ ಬೇಸಿಗೆಯಲ್ಲಿ ಮನೆಗೆ ಸ್ಟೀಲ್ ಗೇಟು ಮಾಡಿಸಲು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿದ್ದೆ. ಅಂಗಡಿಯಲ್ಲಿ ಆರ್ಗಾನ್ ವೆಲ್ಡಿಂಗ್, ಅಂದರೆ ಆರ್ಗಾನ್ ಗ್ಯಾಸಿನ ಮರೆಯಲ್ಲಿ ಕರೆಂಟಿನಿಂದ ಮಾಡುವ ಬೆಸುಗೆ ನಡೆದಿತ್ತು. ಟಾರ್ಚಿನ ಬಾಯಲ್ಲಿ ಪೆನ್ಸಿಲ್ ಸೀಸದಷ್ಟು ದಪ್ಪದ ಒಂದು ಕಡ್ಡಿ. ಅದರ ಮೊನೆಯ ಎದುರಿಗೆ ಸ್ಟೀಲ್ ನೀರಾಗುತ್ತಿತ್ತು, ಕಡ್ಡಿ ಮಾತ್ರ ಹಾಗೇ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕೇಳಿದ: "ಕಾಕಾ, ಸ್ಟೀಲೇ ಕರಗ್ತದ, ಈ ಸಣ್ಣ ಕಡ್ಡಿ ಯಾಕ ಕರಗಲ್ಲ?" ಮಿಸ್ತ್ರಿ ತಲೆ ಎತ್ತದೆ ಹೇಳಿದರು: "ಟಂಗ್‌ಸ್ಟನ್ ಅದಪ್ಪಾ ಅದು."

ಉತ್ತರ ಸರಿ, ಆದರೆ ಅರ್ಧ. ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಸೆಲ್ಸಿಯಸ್ ಬೇಕು. ಲೋಹಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಕಬ್ಬಿಣ 1538ಕ್ಕೇ ಕರಗುತ್ತದೆ. ಆದರೆ ಕರಗದಿರುವುದು ಬೇರೆ, ಅಷ್ಟು ಬಿಸಿಯಲ್ಲಿ ಗಟ್ಟಿಯಾಗಿ ನಿಲ್ಲುವುದು ಬೇರೆ. ಈ ಎರಡನೆಯದನ್ನು ಟಂಗ್‌ಸ್ಟನ್‌ಗೆ ಕಲಿಸಿದ್ದು ನಮ್ಮ ಹಳೇ ಬಲ್ಬು.

ಸ್ಪೇನಿನ ಎಲ್ಹುಯಾರ್ ಸಹೋದರರು 1783ರಲ್ಲೇ ಈ ಲೋಹವನ್ನು ಬೇರ್ಪಡಿಸಿದ್ದರು. ಆದರೆ ಬಲ್ಬಿನ ಕೆಲಸಕ್ಕೆ ಇದು ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಎಡಿಸನ್ 1879ರಲ್ಲಿ ಉರಿಸಿದ್ದು ಇಂಗಾಲದ ಎಳೆ. 1904ರಲ್ಲಿ ಯೂಸ್ಟ್ ಮತ್ತು ಹನಮಾನ್ ಎಂಬ ಇಬ್ಬರು ಹಂಗೇರಿಯಲ್ಲಿ ಟಂಗ್‌ಸ್ಟನ್ ಎಳೆಗೆ ಪೇಟೆಂಟ್ ಪಡೆದರು. ಬೆಳಕು ಚೆನ್ನಾಗಿತ್ತು. ಆದರೆ ಎಳೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಕರಗಿಸಿ ಎರಕ ಹೊಯ್ದು ತಂತಿ ಎಳೆದರಾಯ್ತಲ್ವಾ? ಬೀದರಿನಲ್ಲಿ ಬಿದ್ರಿ ಕೆಲಸದವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಸತುವು 419 ಡಿಗ್ರಿಗೆ ಕರಗುವ ಲೋಹ, ಹಾಗಾಗಿ ಅದು ನಡೆಯುತ್ತದೆ. ಟಂಗ್‌ಸ್ಟನ್ ಕರಗುವ ಹೊತ್ತಿಗೆ ಅದನ್ನು ಹಿಡಿದಿಡುವ ಮೂಸೆಯೇ ಕರಗಿ ಹೋಗುತ್ತದೆ! ಹೀಗಾಗಿ ಕರಗಿಸುವ ಆಸೆಯನ್ನೇ ಬಿಡಬೇಕಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ 1910ರ ಸುಮಾರಿಗೆ ಬೇರೆ ದಾರಿ ಹಿಡಿದ. ಟಂಗ್‌ಸ್ಟನ್ ಪುಡಿಯನ್ನು ಒತ್ತಿ ಸಣ್ಣ ಪಟ್ಟಿ ಮಾಡಿದ. ಅದರೊಳಗೇ ಕರೆಂಟು ಹರಿಸಿ, ಕರಗುವುದಕ್ಕೆ ಸ್ವಲ್ಪ ಮೊದಲಿನವರೆಗೆ ಕಾಯಿಸಿ, ಪುಡಿಯ ಕಣಗಳು ಒಂದಕ್ಕೊಂದು ಬೆಸೆಯುವ ಹಾಗೆ ಮಾಡಿದ. ಆಮೇಲೆ ಕೆಂಪಗೆ ಕಾದಿರುವಾಗಲೇ ಬಡಿದು ಬಡಿದು ಸಣ್ಣ ಮಾಡಿ, ವಜ್ರದ ತೂತಿನಿಂದ ಎಳೆದ. ಎಳೆದಷ್ಟೂ ಅದರ ಮೊಂಡುತನ ಇಳಿಯಿತು. ಕೊನೆಗೆ ತಣ್ಣಗಿದ್ದಾಗಲೂ ಬಾಗುವ ತಂತಿ ಸಿಕ್ಕಿತು. ಇದಕ್ಕೆ ಸಿಕ್ಕಿದ್ದ ಪೇಟೆಂಟಿನ ಮುಖ್ಯ ಭಾಗವನ್ನು 1928ರಲ್ಲಿ ಕೋರ್ಟು ರದ್ದು ಮಾಡಿತು. ಬಾಗುವುದು ಟಂಗ್‌ಸ್ಟನ್ನಿನ ಹುಟ್ಟುಗುಣ, ಅದನ್ನು ಯಾರೂ ಕಂಡುಹಿಡಿದಂತಾಗಲ್ಲ ಅನ್ನುವ ವಾದ. ಆ ಮೊಂಡು ಲೋಹದ ಜೊತೆ ವರ್ಷಗಟ್ಟಲೆ ಗುದ್ದಾಡಿದವನಿಗೆ ಎಷ್ಟು ಉರಿದಿರಬೇಡ!

ಅಲ್ಲಿಗೂ ಕಥೆ ಮುಗಿಯಲಿಲ್ಲ. ಬಲ್ಬಿನಲ್ಲಿ ತಂತಿ 2400 ಡಿಗ್ರಿ ದಾಟಿ ಉರಿಯುತ್ತದೆ. ಎಲ್ಲ ಲೋಹದಲ್ಲೂ ಕಣ್ಣಿಗೆ ಕಾಣದ ಹರಳುಗಳಿರುತ್ತವೆ. ಎಳೆದ ತಂತಿಯಲ್ಲಿ ಅವು ನಾರಿನ ಹಾಗೆ ಉದ್ದವಾಗಿರುತ್ತವೆ. ಕಾದಾಗ ದೊಡ್ಡ ಹರಳು ಸಣ್ಣದನ್ನು ನುಂಗಿ ಬೆಳೆಯುತ್ತದೆ. ಕೊನೆಗೆ ಒಂದೊಂದು ಹರಳು ತಂತಿಯ ಇಡೀ ದಪ್ಪವನ್ನು ತುಂಬಿ, ತಂತಿ ಕಬ್ಬಿನ ಗೆಣ್ಣಿನ ಹಾಗಾಗುತ್ತದೆ. ಗೆಣ್ಣಿನ ಜಾಗದಲ್ಲಿ ಹರಳುಗಳು ಅಡ್ಡಕ್ಕೆ ಜಾರುತ್ತವೆ. ತಂತಿ ತನ್ನ ಭಾರಕ್ಕೇ ಜೋತು ಬೀಳುತ್ತದೆ, ಇಲ್ಲವೇ ಕಡಿಯುತ್ತದೆ. ಶಹಾಬಾದ್ ಕಲ್ಲಿನ ಗೋಡೆ ಕಟ್ಟುವವರನ್ನು ಕೇಳಿ, ಸಂದಿನ ಮೇಲೆ ಸಂದು ಬರಬಾರದು ಅನ್ನುತ್ತಾರೆ. ಇಲ್ಲೂ ಅದೇ. ಹರಳುಗಳು ಉದ್ದಕ್ಕೆ ಬೆಳೆದು ಒಂದರೊಳಗೊಂದು ಹಲ್ಲು ಕಚ್ಚಿಕೊಳ್ಳಬೇಕು.

ಒಂದು ಉಪಾಯ ಥೋರಿಯಂ ಆಕ್ಸೈಡ್. ನೂರಕ್ಕೆ ಒಂದೆರಡು ಪಾಲು ಬೆರೆಸಿದರೆ ಅದರ ಸಣ್ಣ ಕಣಗಳು ಹರಳು ಬೆಳೆಯದಂತೆ ತಡೆಯುತ್ತವೆ. ಇನ್ನೊಂದು ಉಪಾಯ ಸುಮ್ನೆ ತಗುಲಿದ ಕೊಳೆಯಿಂದ ಬಂತು. ಬ್ಯಾಟರ್‌ಸೀ ಎಂಬ ಜಾತಿಯ ಮಣ್ಣಿನ ಮೂಸೆಯಲ್ಲಿ ಕಾಯಿಸಿದ ಪುಡಿಯಿಂದ ಮಾಡಿದ ತಂತಿ ಚೆನ್ನಾಗಿ ಬರುತ್ತಿತ್ತು. ಮೂಸೆಯ ಮಣ್ಣಿನಿಂದ ಏನೋ ಸೇರುತ್ತಿತ್ತು. ಅಲಾಡಾರ್ ಪಾಕ್ಸ್ ಎಂಬ ರಸಾಯನ ತಜ್ಞ 1917ರಲ್ಲಿ ಬೇಕಂತಲೇ ಪೊಟ್ಯಾಸಿಯಂ ಮತ್ತು ಸಿಲಿಕಾನಿನ ಲವಣ ಬೆರೆಸಿ ಜೋತು ಬೀಳದ ತಂತಿಗೆ ಪೇಟೆಂಟ್ ಅರ್ಜಿ ಹಾಕಿದ. ಜಗತ್ತಿನ ಬಲ್ಬುಗಳೆಲ್ಲ ಹೆಚ್ಚುಕಡಿಮೆ ಈ ಬಗೆಯ ತಂತಿಯಲ್ಲೇ ಉರಿದವು. ಯಾಕೆ ಕೆಲಸ ಮಾಡುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. 1960ರ ದಶಕದಿಂದ ಈಚೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಉತ್ತರ ಕಂಡಿತು: ಮಣಿಸರದ ಹಾಗೆ ಸಾಲಾಗಿ ನಿಂತ ಅತಿ ಸಣ್ಣ ಗುಳ್ಳೆಗಳು, ಒಳಗೆ ಪೊಟ್ಯಾಸಿಯಂ. ಅದು ಟಂಗ್‌ಸ್ಟನ್ನಿನಲ್ಲಿ ಬೆರೆಯುವುದಿಲ್ಲ. ಕಾದಾಗ ಆವಿಯಾಗಿ ಗುಳ್ಳೆಯನ್ನು ಉಬ್ಬಿಸಿ ಇಡುತ್ತದೆ. ಆ ಸಾಲುಗಳೇ ಹರಳಿನ ಅಂಚಿಗೆ ಬೇಲಿ. ಹತ್ತು ಲಕ್ಷದಲ್ಲಿ ನೂರು ಪಾಲೂ ಇಲ್ಲದ ಕಲಬೆರಕೆ ಇಷ್ಟು ಮಾಡಿತು.

ಆದರೂ ಒಮ್ಮೆ ಉರಿದ ತಂತಿ ತಣ್ಣಗಾದಾಗ ಮತ್ತೆ ಮುರುಕಲೇ. ಹಿಂದೆ ನಮ್ಮ ಮನೆಯಲ್ಲಿ ಉರಿದ ಬಲ್ಬನ್ನು ಕುಲುಕಬೇಡ ಅಂತ ಬೈಯುತ್ತಿದ್ದರು. ಹೋದ ಬಲ್ಬನ್ನು ಮೆಲ್ಲಗೆ ತಟ್ಟಿ ತಟ್ಟಿ ತುಂಡಾದ ಎಳೆ ಕೂಡಿಸಿ ಇನ್ನೆರಡು ದಿನ ಉರಿಸುತ್ತಿದ್ದವರೂ ಅವರೇ. ಬಿಸಿಗೆ ಎಳೆ ಬೆಸೆದುಕೊಳ್ಳುತ್ತಿತ್ತು, ಅಷ್ಟೇ.

ಈ ಮುರುಕಲು ಗುಣಕ್ಕೆ ಒಳ್ಳೇ ಮದ್ದು ರೀನಿಯಂ ಎಂಬ ಇನ್ನೊಂದು ಲೋಹ, ಆದರೆ ಭಾರೀ ದುಬಾರಿ. ಸಿಟಿ ಸ್ಕ್ಯಾನ್ ಯಂತ್ರದ ಎಕ್ಸ್‌ರೇ ಟ್ಯೂಬಿನಲ್ಲಿ ಗಿರಗಿರ ತಿರುಗುವ ತಟ್ಟೆಗೆ ಟಂಗ್‌ಸ್ಟನ್-ರೀನಿಯಂ ಪದರ ಹಚ್ಚುತ್ತಾರೆ. ಅಲ್ಲಿ ಬೀಳುವ ಶಕ್ತಿಯಲ್ಲಿ ನೂರಕ್ಕೆ 99 ಪಾಲು ಬರೀ ಬಿಸಿಯಾಗುತ್ತದೆ. ಯಾದಗಿರಿಯ ಬಂಡೆ ಕೊರೆಯುವ ಬೋರ್‌ವೆಲ್ ಬಿಟ್ಟಿನ ಬಟನ್ ಮಾತ್ರ ಬೇರೆ ಕುಲ, ಟಂಗ್‌ಸ್ಟನ್ ಕಾರ್ಬೈಡ್. ಶೇಂಗಾ ಉಂಡಿಯಲ್ಲಿ ಬೆಲ್ಲ ಇದ್ದ ಹಾಗೆ ಅದರ ಹರಳುಗಳನ್ನು ಕೋಬಾಲ್ಟ್ ಹಿಡಿದಿರುತ್ತದೆ. ಜಾಸ್ತಿ ಬಿಸಿಯಾದರೆ ಮೊದಲು ಮೆತ್ತಗಾಗುವುದೂ ಆ ಬೆಲ್ಲವೇ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಪನೂರಿನ ಆ ಕಡ್ಡಿಯ ತುದಿಗೆ ಕೆಂಪು ಬಣ್ಣವಿತ್ತು. ಅಂದರೆ 2 ಶೇಕಡಾ ಥೋರಿಯಂ ಆಕ್ಸೈಡ್, ಬಲ್ಬಿನ ಅದೇ ಹಳೇ ಉಪಾಯ. ಥೋರಿಯಂ ಇದ್ದರೆ ಕಡ್ಡಿಯಿಂದ ಎಲೆಕ್ಟ್ರಾನುಗಳು ಸಲೀಸಾಗಿ ಹೊರಬೀಳುತ್ತವೆ, ಹೋಗುವಾಗ ಬಿಸಿಯನ್ನೂ ಹೊತ್ತೊಯ್ಯುತ್ತವೆ. ಕಡ್ಡಿಗೂ ಸ್ಟೀಲಿಗೂ ನಡುವೆ ಹೊತ್ತುವ ಕರೆಂಟಿನ ಉರಿಗೆ ಆರ್ಕ್ ಅನ್ನುತ್ತಾರೆ, ಅದರೊಳಗಿನ ಬಿಸಿ 3422ಕ್ಕಿಂತ ಎಷ್ಟೋ ಜಾಸ್ತಿ. ಕಡ್ಡಿ ಉಳಿಯುವುದು ಅದು ಕರೆಂಟಿನ ಮೈನಸ್ ಕಡೆ ಇರುವುದರಿಂದ. ಎಲೆಕ್ಟ್ರಾನುಗಳು ಹೊರಡುವುದು ಮೈನಸ್‌ನಿಂದ, ಬಂದು ಬಡಿದು ಕಾಯಿಸುವುದು ಪ್ಲಸ್ ಕಡೆಯನ್ನು. ಸುತ್ತ ಆರ್ಗಾನ್ ಇರಲೇಬೇಕು. ಗಾಳಿ ತಾಗಿದರೆ ಸುಮಾರು 500 ಡಿಗ್ರಿಯಿಂದಲೇ ಟಂಗ್‌ಸ್ಟನ್ ಹಾಳಾಗತೊಡಗುತ್ತದೆ. ಇನ್ನೂ ಕಾದರೆ ಹೊಗೆಯಾಗಿ ಹಾರಿಹೋಗುತ್ತದೆ.

ಥೋರಿಯಂ ವಿಕಿರಣ ಸೂಸುವ ವಸ್ತು. ಕಡ್ಡಿ ಮುಟ್ಟಿದರೆ ದೊಡ್ಡ ಅಪಾಯವಿಲ್ಲ, ಆದರೆ ಮೊನೆ ಉಜ್ಜುವಾಗ ಏಳುವ ಧೂಳು ಉಸಿರಿನಲ್ಲಿ ಹೋಗಬಾರದು. ಲ್ಯಾಂಥನಂ ಬೆರೆಸಿದ ನೀಲಿ ತುದಿಯ ಕಡ್ಡಿಗೆ ಈ ತಾಪತ್ರಯವಿಲ್ಲ. ಮಿಸ್ತ್ರಿಗೆ ಇದನ್ನೇ ಹೇಳಿದೆ. "ನೀಲಿದೂ ಅದಾವ್ರಿ ಸರ, ಕೈಗೆ ಕೆಂಪಿಂದೇ ರೂಢಿ" ಎಂದರು. ಪ್ಲಸ್‌ಗೆ ಕೊಟ್ಟರೆ ಇದೂ ಕರಗುತ್ತದೆ ಅಂತ ನಾನು ಹೇಳುವಷ್ಟರಲ್ಲಿ ನಕ್ಕು, ಕಪಾಟಿನಿಂದ ಒಂದು ತುಂಡು ಕಡ್ಡಿ ತೆಗೆದು ಹುಡುಗನ ಅಂಗೈಗೆ ಹಾಕಿದರು. ತುದಿಯಲ್ಲಿ ಗೋಲಿಯಂಥ ಹೊಳೆಯುವ ಉಂಡೆ. "ನೋಡು, ಹಿಂದ ಒಮ್ಮೆ ಕೇಬಲ್ ಉಲ್ಟಾ ಹಾಕಿದ್ದೆ."