ಓದುಗರ ಪ್ರಶ್ನೆ: ಕ್ರಿಸ್‌ಮಸ್ ರಾತ್ರಿಯ ದೆವ್ವಗಳು ‘ಎಕ್ಸ್-ಫೈಲ್ಸ್’ ಧಾರಾವಾಹಿಯನ್ನು ಕೆಡಿಸಿದವೇ?

ಪ್ರಶ್ನೆ: ‘ಎಕ್ಸ್-ಫೈಲ್ಸ್’ ಆರನೆಯ ಸೀಸನ್ನಿನ ಕ್ರಿಸ್‌ಮಸ್ ದೆವ್ವಗಳ ಕಂತನ್ನು ಕೆಲವರು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಇನ್ನು ಕೆಲವರು, ತಂಡ ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಹಾಸ್ಯ ನುಸುಳಿತು, ಧಾರಾವಾಹಿ ಹಳ್ಳ ಹಿಡಿದದ್ದು ಅಲ್ಲಿಂದಲೇ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಸಲ ವಿಸ್ತಾರವಾಗಿಯೇ ಬರೆದಿಡುತ್ತಿದ್ದೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಓದಲು ಹೇಳುತ್ತೇನೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ವಿಚಿತ್ರ, ಅಲೌಕಿಕ ಪ್ರಕರಣಗಳ ಬೆನ್ನುಹತ್ತುವ ಮಲ್ಡರ್ ಯಾರು, ಸ್ಕಲ್ಲಿ ಯಾರು, ಒಬ್ಬ ನಂಬುವವ, ಇನ್ನೊಬ್ಬಳು ಪ್ರಶ್ನಿಸುವವಳು ಎಂಬುದನ್ನೆಲ್ಲ ಮತ್ತೆ ವಿವರಿಸುವುದಿಲ್ಲ. ಈ ಪ್ರಶ್ನೆ ಕೇಳುವವರಿಗೆ ಅಷ್ಟು ಗೊತ್ತೇ ಇರುತ್ತದೆ.

ಚಿಕ್ಕದಾಗಿ ಹೇಳುವುದಾದರೆ, ಮೆಚ್ಚಿದವರ ಮಾತು ಬಹುಮಟ್ಟಿಗೆ ಸರಿ. ಬೇಸರಗೊಂಡವರ ಬೇಸರವೂ ಸುಳ್ಳಲ್ಲ, ಆದರೆ ಅದಕ್ಕೆ ಅವರು ಕೊಡುವ ಕಾರಣ ತಪ್ಪು.

ಕಂತಿನ ಹೆಸರು ‘ಹೌ ದ ಘೋಸ್ಟ್ಸ್ ಸ್ಟೋಲ್ ಕ್ರಿಸ್‌ಮಸ್’. ಫಾಕ್ಸ್ ವಾಹಿನಿಯಲ್ಲಿ ಅದು ಪ್ರಸಾರವಾದದ್ದು 1998ರ ಡಿಸೆಂಬರ್ 13ರಂದು. ಬರೆದು ನಿರ್ದೇಶಿಸಿದವರು ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಅವರೇ. ಇಡೀ ಕಂತಿನಲ್ಲಿ ನಟರು ನಾಲ್ವರೇ: ಡೇವಿಡ್ ಡುಕೋವ್ನಿ, ಜಿಲಿಯನ್ ಆಂಡರ್ಸನ್, ದೆವ್ವಗಳಾದ ಮಾರಿಸ್ ಮತ್ತು ಲೈಡಾ ಪಾತ್ರಗಳಲ್ಲಿ ಎಡ್ ಆಸ್ನರ್ ಮತ್ತು ಲಿಲಿ ಟಾಮ್ಲಿನ್. ಹಿಂದಿನ ಕಂತುಗಳಲ್ಲಿ ಹಣ ನೀರಿನಂತೆ ಹರಿದಿದ್ದುದರಿಂದ ಒಂದು ಮನೆ ಮತ್ತು ನಾಲ್ಕು ಮುಖಗಳಲ್ಲಿ ಕಥೆ ಮುಗಿಸುವ ಲೆಕ್ಕಾಚಾರವೂ ಇದರ ಹಿಂದಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಲ್ಡರ್ ಮೇರಿಲ್ಯಾಂಡಿನ ಪಾಳು ಬಂಗಲೆಯೊಂದರ ಮುಂದೆ ಸ್ಕಲ್ಲಿಯನ್ನು ಕರೆಸಿಕೊಳ್ಳುತ್ತಾನೆ. 1917ರ ಕ್ರಿಸ್‌ಮಸ್‌ನಲ್ಲಿ ಆ ಮನೆಯಲ್ಲಿ ಇಬ್ಬರು ಪ್ರೇಮಿಗಳು ಒಪ್ಪಂದ ಮಾಡಿಕೊಂಡು ಪ್ರಾಣ ಬಿಟ್ಟರೆಂದೂ ಆಮೇಲೆ ಅಲ್ಲಿ ಜೋಡಿ ಸಾವುಗಳು ಮರುಕಳಿಸುತ್ತಿವೆಯೆಂದೂ ಹೇಳುತ್ತಾನೆ. ಒಳಗೆ ಹೋದವರು ಹೊರಗೆ ಬರಲಾಗದೆ ಒಂದೇ ಕೋಣೆಯಿಂದ ಅದೇ ಕೋಣೆಗೆ ಸುತ್ತುತ್ತಾರೆ, ವಯಸ್ಸಾದ ದೆವ್ವ ದಂಪತಿ ಇವರಿಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಗುಂಡು ಹಾರಿಸಿಕೊಳ್ಳುವಂತೆ ಮಾಡಲು ನೋಡುತ್ತಾರೆ.

(ಇಲ್ಲಿ ಒಂದು ತಕರಾರು. ಮಲ್ಡರ್ ಆ 1917ರ ಕ್ರಿಸ್‌ಮಸ್ಸನ್ನು ಬಣ್ಣಿಸುವಾಗ ಯೂರೋಪಿನಲ್ಲಿ ಅಮೆರಿಕದ ಸೈನಿಕರು ರಾಶಿರಾಶಿಯಾಗಿ ಸಾಯುತ್ತಿದ್ದರು, ಊರಿನಲ್ಲಿ ಮಾರಕ ಫ್ಲೂ ಜ್ವರ ಹಬ್ಬಿತ್ತು ಎಂದು ಹೇಳುತ್ತಾನೆ. ಆ ಜ್ವರ ಬಂದದ್ದು 1918ರಲ್ಲಿ. ಅಮೆರಿಕದ ಸೇನೆಗೆ ದೊಡ್ಡ ಸಾವುನೋವು ಆದದ್ದೂ ಅದೇ ವರ್ಷ. ಬರಹಗಾರರ ಅಜಾಗರೂಕತೆಯೋ, ಕಥೆಗೆ ಉಪ್ಪುಖಾರ ಹಚ್ಚುವ ಮಲ್ಡರನ ಸ್ವಭಾವವೋ, ನೋಡುವವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದು.)

ಈಗ ಎಷ್ಟು ಸಲ ಅಳಿಸಿದರೂ ಮತ್ತೆ ಮೂಡುವ ಆ ನಂಬಿಕೆಗೆ ಬರೋಣ: ಧಾರಾವಾಹಿ ವ್ಯಾಂಕೂವರ್‌ನಲ್ಲಿ ಇದ್ದಷ್ಟು ಕಾಲ ಗಂಭೀರವಾಗಿತ್ತು, ಲಾಸ್ ಏಂಜಲೀಸ್‌ನ ಬಿಸಿಲಿಗೆ ಬಂದ ಮೇಲೆ ತಮಾಷೆಗೆ ಇಳಿಯಿತು ಎಂಬುದು. ಇದರಲ್ಲಿ ನಿಜವಾದ ಸಂಗತಿ ಒಂದೇ: ಮೊದಲ ಐದು ಸೀಸನ್‌ಗಳ ಚಿತ್ರೀಕರಣ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು, 1998ರಲ್ಲಿ, ಬಹುಪಾಲು ಡುಕೋವ್ನಿ ಅವರ ಒತ್ತಾಸೆಯಿಂದ, ತಂಡ ಲಾಸ್ ಏಂಜಲೀಸ್‌ಗೆ ಬಂತು. ಸ್ಥಳ ಬದಲಾದದ್ದಕ್ಕೂ ಸ್ವರ ಬದಲಾದದ್ದಕ್ಕೂ ಗಂಟು ಹಾಕಿದವರು ಹಳೆಯ ಕಂತುಗಳ ಪಟ್ಟಿಯನ್ನು ಒಮ್ಮೆಯೂ ತೆರೆದು ನೋಡಿಲ್ಲ ಎಂದೇ ನನ್ನ ಅನುಮಾನ.

ಪಟ್ಟಿಯನ್ನು ನಾನೇ ತೆರೆಯುತ್ತೇನೆ. 1995ರ ಮಾರ್ಚ್ 31ರಂದು, ಎರಡನೆಯ ಸೀಸನ್ನಿನಲ್ಲಿ, ‘ಹಂಬಗ್’ ಎಂಬ ಕಂತು ಬಂತು. ಫ್ಲಾರಿಡಾದಲ್ಲಿ ಸರ್ಕಸ್ಸಿನ ವಿಚಿತ್ರ ಪ್ರದರ್ಶನಗಳ ಕಲಾವಿದರು ನೆಲೆಸಿದ ಊರೊಂದರ ಕಥೆ ಅದು. ಅದನ್ನು ಬರೆದ ಡಾರಿನ್ ಮಾರ್ಗನ್, ತನಿಖಾಧಿಕಾರಿಗಳನ್ನೇ ವಿಚಿತ್ರ ಪ್ರಾಣಿಗಳೆಂಬಂತೆ ತೋರಿಸಿ ನಗಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಜನ ಹೇಗೆ ಸಾಯುತ್ತಾರೆಂದು ಮೊದಲೇ ತಿಳಿಯುವ ವಿಮಾ ಏಜೆಂಟನೊಬ್ಬನ ಮೇಲೆ ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’ ಬಂತು. ಸಾವಿನ ಬಗ್ಗೆ ಅಷ್ಟು ನಗಿಸಿ ಅಷ್ಟೇ ಕಣ್ಣು ಒದ್ದೆ ಮಾಡುವ ಕಂತು ಇಡೀ ಧಾರಾವಾಹಿಯಲ್ಲಿ ಇನ್ನೊಂದಿಲ್ಲ. ಅದಕ್ಕಾಗಿ ಮಾರ್ಗನ್ ಅವರಿಗೆ 1996ರಲ್ಲಿ ಅಮೆರಿಕದ ಟಿ.ವಿ. ಕ್ಷೇತ್ರದ ಎಮ್ಮಿ ಪ್ರಶಸ್ತಿ ದೊರೆಯಿತು. ಏಜೆಂಟನಾಗಿ ನಟಿಸಿದ ಪೀಟರ್ ಬಾಯ್ಲ್ ಅವರಿಗೂ ದೊರೆಯಿತು. ಗಮನಿಸಿ, ಆ ಬರವಣಿಗೆಗೆ ಪ್ರಶಸ್ತಿ ಬಂದದ್ದು ಹಾಸ್ಯ ವಿಭಾಗದಲ್ಲಲ್ಲ, ಗಂಭೀರ ನಾಟಕದ ವಿಭಾಗದಲ್ಲಿ.

1996ರ ಜನವರಿಯಲ್ಲಿ ಜಿರಲೆಗಳ ಕಂತು, ಏಪ್ರಿಲ್‌ನಲ್ಲಿ ಒಂದೇ ಘಟನೆಯನ್ನು ಹತ್ತಾರು ಬಾಯಿಗಳಲ್ಲಿ ಹೇಳಿಸಿ ಯಾವುದು ನಿಜವೆಂದು ಕೊನೆಗೂ ಹೇಳದ ‘ಹೋಸೆ ಚಂಗ್ಸ್ ಫ್ರಮ್ ಔಟರ್ ಸ್ಪೇಸ್’. 1997ರ ಏಪ್ರಿಲ್‌ನಲ್ಲಿ ವಿನ್ಸ್ ಗಿಲಿಗನ್ ಬರೆದ ‘ಸ್ಮಾಲ್ ಪೊಟೇಟೋಸ್’. ನವೆಂಬರ್‌ನಲ್ಲಿ ಸ್ವತಃ ಕಾರ್ಟರ್ ಬರೆದು ಕಪ್ಪುಬಿಳುಪಿನಲ್ಲಿ ನಿರ್ದೇಶಿಸಿದ ‘ಪೋಸ್ಟ್-ಮಾಡರ್ನ್ ಪ್ರಮೀಥಿಯಸ್’. 1998ರ ಫೆಬ್ರವರಿಯಲ್ಲಿ, ಮಲ್ಡರ್ ಮತ್ತು ಸ್ಕಲ್ಲಿ ಒಂದೇ ರಕ್ತಪಿಶಾಚಿ ಪ್ರಕರಣವನ್ನು ತಮ್ಮ ತಮ್ಮ ಮೂಗಿನ ನೇರಕ್ಕೆ ವರದಿ ಮಾಡುವ ‘ಬ್ಯಾಡ್ ಬ್ಲಡ್’. ಇವೆಲ್ಲ ವ್ಯಾಂಕೂವರ್‌ನ ಮಳೆಯಲ್ಲಿ, ವ್ಯಾಂಕೂವರ್‌ನ ಕತ್ತಲೆಯಲ್ಲಿ ತಯಾರಾದವು. ಲಾಸ್ ಏಂಜಲೀಸ್‌ಗೆ ಹೋಗುವ ಮೂರು ವರ್ಷಕ್ಕೂ ಮೊದಲೇ ಈ ಧಾರಾವಾಹಿಗೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಗೊತ್ತಿತ್ತು.

ಇಷ್ಟು ಹೇಳಿದ ಮೇಲೂ ಕೆಲವರು, ಅವು ಅಪರೂಪಕ್ಕೆ ಬರುತ್ತಿದ್ದವು, ಆರನೆಯ ಸೀಸನ್ ಪೂರ್ತಿ ಹಾಸ್ಯವೇ ಎಂದು ಜಗ್ಗುತ್ತಾರೆ. ಅದೂ ನಿಲ್ಲುವುದಿಲ್ಲ. ದೆವ್ವಗಳ ಕಂತಿಗೆ ನಾಲ್ಕೇ ವಾರ ಮೊದಲು, ನವೆಂಬರ್ 15ರಂದು ಬಂದ ‘ಡ್ರೈವ್’ ಕಂತಿನಲ್ಲಿ ಉಸಿರು ಬಿಗಿಹಿಡಿಯದೆ ನೋಡುವುದೇ ಕಷ್ಟ. ಅದನ್ನು ಬರೆದ ಗಿಲಿಗನ್, ಅಲ್ಲಿ ಸಾಯುತ್ತಿರುವ ಒರಟನ ಪಾತ್ರ ಮಾಡಿದ ಬ್ರಯನ್ ಕ್ರಾನ್‌ಸ್ಟನ್ ಅವರನ್ನು ನೆನಪಿನಲ್ಲಿಟ್ಟುಕೊಂಡು ಹತ್ತು ವರ್ಷಗಳ ನಂತರ ಅವರನ್ನೇ ನಾಯಕನನ್ನಾಗಿಸಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ಮಾಡಿದರು. 1999ರ ಜನವರಿಯಲ್ಲಿ, ಸಾಯಲಾಗದ ಫೋಟೋಗ್ರಾಫರನೊಬ್ಬನ ಕಥೆಯಾದ ‘ಟಿಥೋನಸ್’ ಬಂತು. ಅದರಲ್ಲಿ ನಗುವ ಸಂದರ್ಭ ಹುಡುಕಬೇಕು. ಫೆಬ್ರವರಿಯಲ್ಲಿ, ಅನ್ಯಗ್ರಹ ಜೀವಿಗಳ ವಿಷಯವನ್ನು ಮುಚ್ಚಿಡುವ ಪಿತೂರಿಯ ಮುಖ್ಯ ಕಥೆಯ ಎರಡು ಭಾರವಾದ ಕಂತುಗಳು ಬಂದವು. ಇವೆಲ್ಲವೂ ಲಾಸ್ ಏಂಜಲೀಸ್‌ನವೇ.

ಹಾಗಾದರೆ ಬೇಸರ ಎಲ್ಲಿಂದ ಬಂತು? ಕ್ಯಾಲೆಂಡರಿನಿಂದ. 1998ರ ಜೂನ್‌ನಲ್ಲಿ ಚಿತ್ರಮಂದಿರಕ್ಕೆ ಬಂದ ‘ಎಕ್ಸ್-ಫೈಲ್ಸ್’ ಸಿನಿಮಾ ಪಿತೂರಿಯ ಕಥೆಯನ್ನು ಕಾವೇರಿಸಿ ಬಿಟ್ಟಿತ್ತು. ಮುಂದೇನು ಎಂದು ಕಾದು ಕುಳಿತವರ ಮುಂದೆ ಸೀಸನ್ ಆರಂಭವಾಯಿತು. ನವೆಂಬರ್ 22ಕ್ಕೆ ಹಡಗಿನ ಮೇಲಿನ ‘ಟ್ರಯಾಂಗಲ್’, 29ಕ್ಕೆ ಮತ್ತು ಡಿಸೆಂಬರ್ 6ಕ್ಕೆ ದೇಹ ಅದಲುಬದಲಾಗುವ ‘ಡ್ರೀಮ್‌ಲ್ಯಾಂಡ್’ ಎರಡು ಭಾಗಗಳು, 13ಕ್ಕೆ ಈ ದೆವ್ವಗಳು. ಹಬ್ಬದ ಬಿಡುವು ಮುಗಿದು ಜನವರಿ 10ಕ್ಕೆ ಪ್ರೇಮವೂ ಮಳೆಯೂ ಬೆರೆತ ‘ರೇನ್ ಕಿಂಗ್’. ವಾರಕ್ಕೊಂದರಂತೆ ನೋಡುತ್ತಿದ್ದ ಪ್ರೇಕ್ಷಕನಿಗೆ ಅದು ಒಂದೂವರೆ ತಿಂಗಳ ಹಾಸ್ಯ. ಹಗುರ ಕಂತುಗಳನ್ನು ಒಂದರ ಹಿಂದೊಂದು ಜೋಡಿಸಿದ್ದು ಪ್ರಸಾರದ ಯೋಜನೆಯ ದೋಷ, ಈ ಕಂತಿನ ದೋಷವಲ್ಲ. ಇಂದು ಒಂದೇ ರಾತ್ರಿ ನಾಲ್ಕು ಕಂತು ನೋಡಿ ಮುಗಿಸುವವರಿಗೆ ಆ ಸಿಟ್ಟು ಬರುವುದೂ ಇಲ್ಲ, ಅರ್ಥವಾಗುವುದೂ ಇಲ್ಲ. ಹಳೆಯ ಪ್ರೇಕ್ಷಕರೂ ಹೊಸ ಪ್ರೇಕ್ಷಕರೂ ಇದೇ ಕಂತಿನ ಬಗ್ಗೆ ಜಗಳವಾಡುವುದಕ್ಕೆ ಅರ್ಧ ಕಾರಣ ಇದೇ.

ಉಳಿದರ್ಧ ಕಾರಣ, ನಗು ಬಂದರೆ ಭಯ ಹೋಗುತ್ತದೆ ಎಂಬ ಎಣಿಕೆ. ಯಕ್ಷಗಾನದಲ್ಲಿ ನಡುರಾತ್ರಿ ಹಾಸ್ಯಗಾರ ರಂಗಕ್ಕೆ ಬಂದ ಮಾತ್ರಕ್ಕೆ ಮುಂದೆ ಬರುವ ವಧೆಯ ಸನ್ನಿವೇಶ ಕೆಟ್ಟಿತೆಂದು ಯಾರೂ ಚಾಪೆ ಸುತ್ತಿಕೊಂಡು ಎದ್ದು ಹೋಗುವುದಿಲ್ಲ. ಈ ಕಂತಿನಲ್ಲೂ ನೆಲದ ಹಲಗೆ ಕಿತ್ತು ನೋಡಿದಾಗ ಕೆಳಗೆ ಎರಡು ಹೆಣಗಳಿರುತ್ತವೆ, ಅವುಗಳ ಮೈಮೇಲಿನ ಬಟ್ಟೆ ಮಲ್ಡರ್ ಮತ್ತು ಸ್ಕಲ್ಲಿ ಆ ಕ್ಷಣ ತೊಟ್ಟಿರುವ ಬಟ್ಟೆಯೇ ಆಗಿರುತ್ತದೆ. ಅದಕ್ಕೆ ನಕ್ಕವರನ್ನು ನಾನು ಕಂಡಿಲ್ಲ.

ನಿಜವಾಗಿ ಚುಚ್ಚುವುದು ಹೆಣಗಳಿಗಿಂತ ದೆವ್ವಗಳ ಮಾತು. ಮಾರಿಸ್ ಮಲ್ಡರನನ್ನು ಎದುರು ಕೂರಿಸಿಕೊಂಡು, ನೀನು ನಿನ್ನನ್ನೇ ದೊಡ್ಡವನೆಂದು ಭಾವಿಸಿದ ಒಂಟಿ ಮನುಷ್ಯ, ಹಬ್ಬದ ರಾತ್ರಿ ಆ ಹೆಂಗಸನ್ನು ಇಲ್ಲಿಗೆ ಎಳೆದು ತಂದದ್ದು ನಿನ್ನ ಒಂಟಿತನಕ್ಕೆ ಜೊತೆ ಬೇಕೆಂದು ಎಂಬರ್ಥದಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಾನೆ. ಲೈಡಾ ಸ್ಕಲ್ಲಿಗೆ, ಅವನ ಮಾತು ತಪ್ಪೆಂದು ಸಾಧಿಸುವುದನ್ನು ಬಿಟ್ಟರೆ ನಿನ್ನ ಬದುಕಿನಲ್ಲಿ ಬೇರೆ ಸಂತೋಷವೇ ಇಲ್ಲವಲ್ಲ ಎನ್ನುತ್ತಾಳೆ. ಐದು ವರ್ಷ ಯಾವ ಪಾತ್ರವೂ ಇವರ ಮುಖಕ್ಕೆ ಹೇಳಲಾರದೆ ಹೋದದ್ದನ್ನು ಎರಡು ದೆವ್ವಗಳು ಹರಟೆ ಹೊಡೆಯುವ ಧಾಟಿಯಲ್ಲಿ ಹೇಳಿಬಿಡುತ್ತವೆ. ಪ್ರೇಕ್ಷಕ ನಗುತ್ತಾನೆ, ಏಕೆಂದರೆ ಅದು ನಿಜ.

ಈ ಕೆಲಸಕ್ಕೆ ಆಸ್ನರ್ ಮತ್ತು ಟಾಮ್ಲಿನ್ ಅವರೇ ಬೇಕಾಗಿತ್ತು. ಆಸ್ನರ್ ‘ಮೇರಿ ಟೈಲರ್ ಮೂರ್ ಷೋ’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಮಾಡಿದ ಲೂ ಗ್ರಾಂಟ್ ಪಾತ್ರವನ್ನೇ 1977ರಿಂದ ಒಂದು ಗಂಟೆಯ ಗಂಭೀರ ಧಾರಾವಾಹಿಗೆ ಕೊಂಡೊಯ್ದು, ಒಂದೇ ಪಾತ್ರಕ್ಕೆ ಎರಡೂ ಬಗೆಯಲ್ಲಿ ಎಮ್ಮಿ ಗೆದ್ದವರು. ಟಾಮ್ಲಿನ್ ‘ಲಾಫ್-ಇನ್’ ಹಾಸ್ಯ ಕಾರ್ಯಕ್ರಮದಿಂದ ಮನೆಮಾತಾದ ಮೇಲೆ, 1975ರ ‘ನ್ಯಾಶ್‌ವಿಲ್’ ಚಿತ್ರದ ಗಂಭೀರ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದವರು. ಬಹಳ ವರ್ಷ ಒಟ್ಟಿಗೆ ಬಾಳಿದ ದಂಪತಿಯಂತೆ ಇವರಿಬ್ಬರೂ ಒಬ್ಬರಿಗೊಬ್ಬರು ಗೊಣಗುವುದನ್ನು ನೋಡಿದರೆ, ಅಮರ ಪ್ರೇಮಕ್ಕಾಗಿ ಪ್ರಾಣ ಬಿಟ್ಟವರಿಗೆ ಅಮರತ್ವದಲ್ಲಿ ಸಿಕ್ಕಿದ್ದು ಇದೇನೇ ಎಂದು ಕನಿಕರ ಹುಟ್ಟುತ್ತದೆ.

ಈ ಕಂತಿನ ವಿರುದ್ಧ ನನಗೂ ಒಂದು ಮಾತಿದೆ. ಇಬ್ಬರೂ ಗುಂಡೇಟು ತಿಂದು ರಕ್ತ ಸುರಿಸುತ್ತ ತೆವಳುವ ಭಾಗ ಅಗತ್ಯಕ್ಕಿಂತ ದೀರ್ಘವಾಗಿದೆ. ಅದು ಭ್ರಮೆಯೆಂದು ಮಲ್ಡರ್ ಕಂಡುಕೊಳ್ಳುವ ಮೊದಲೇ ಪ್ರೇಕ್ಷಕ ಕಂಡುಕೊಂಡಿರುತ್ತಾನೆ.

ಇಷ್ಟರ ಮೇಲೆ ಯಾರೂ ಸರಿಯಾಗಿ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಮಾರಿಸ್ ಟೋಪಿ ತೆಗೆದಾಗ ತಲೆಯಲ್ಲಿ ತೂತು, ಲೈಡಾ ನಿಲುವಂಗಿ ಸರಿಸಿದಾಗ ಹೊಟ್ಟೆಯಲ್ಲಿ ತೂತು. ಸ್ಕಲ್ಲಿ ಅದನ್ನು ಕಣ್ಣಾರೆ ಕಂಡು ಮೂರ್ಛೆ ಹೋಗುತ್ತಾಳೆ. ಅಷ್ಟು ಕಂಡವಳು ಮುಂದಿನ ಪ್ರಕರಣದಲ್ಲಿ ಮತ್ತೆ ಅನುಮಾನಿಸುವುದು ಹೇಗೆ?

ಬರಹಗಾರರ ಮರೆವು ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ಕಲ್ಲಿಯ ಸ್ವಭಾವವೇ ಹಾಗೆ ಎಂಬುದಕ್ಕೆ ಮೊದಲಿನಿಂದಲೂ ಸಾಕ್ಷ್ಯವಿದೆ. 1994ರ ಜನವರಿಯಲ್ಲಿ ಬಂದ ‘ಬಿಯಾಂಡ್ ದ ಸೀ’ ಕಂತಿನಲ್ಲಿ, ಮನೆಯಲ್ಲಿ ಕ್ರಿಸ್‌ಮಸ್ ಮರ ಇನ್ನೂ ಇರುವಾಗಲೇ, ಆಗಷ್ಟೇ ತೀರಿಕೊಂಡ ತಂದೆ ಅವಳ ಎದುರು ಕುಳಿತಿರುವುದನ್ನು ಅವಳು ನೋಡುತ್ತಾಳೆ. 1997ರ ಮೇ ತಿಂಗಳ ‘ಎಲೆಜಿ’ಯಲ್ಲಿ, ಕ್ಯಾನ್ಸರಿನಿಂದ ನರಳುತ್ತಿರುವಾಗ, ಸತ್ತವಳೊಬ್ಬಳ ಆಕೃತಿಯನ್ನು ಕಂಡೂ ಮಲ್ಡರನಿಂದ ಮುಚ್ಚಿಡುತ್ತಾಳೆ. ಅವಳು ಕಂಡದ್ದನ್ನು ಕಾಣಲಿಲ್ಲವೆಂದು ಸಾಧಿಸುವವಳಲ್ಲ. ಕಂಡದ್ದಕ್ಕೆ ಸಾಕ್ಷ್ಯದ ಬಲವಿಲ್ಲದಿದ್ದರೆ ಅದನ್ನು ವಾದಕ್ಕೆ ಬಳಸಲು ಒಪ್ಪದವಳು. ಈ ಕಂತಿನ ಆರಂಭದಲ್ಲಿ, ದೆವ್ವದ ಭಯ ಹೇಗೆ ಮನಸ್ಸಿನ ಆಟವೆಂದು ದೀರ್ಘ ಪಾಠ ಮಾಡುತ್ತಲೇ, ತನಗೆ ಭಯವಾಗುತ್ತಿದೆ, ಆದರೆ ಅದು ಅರ್ಥವಿಲ್ಲದ ಭಯ ಎಂದು ಒಪ್ಪಿಕೊಳ್ಳುತ್ತಾಳಲ್ಲ, ಅವಳ ಪಾತ್ರವೆಲ್ಲ ಆ ಒಂದು ಮಾತಿನಲ್ಲಿದೆ. ಕೊನೆಯಲ್ಲಿ ನಿದ್ದೆ ಬಾರದೆ ಮಲ್ಡರನ ಮನೆಗೆ ಬಂದು, ಅಲ್ಲಿ ನಡೆದದ್ದೆಲ್ಲ ನಮ್ಮ ತಲೆಯೊಳಗೇ ನಡೆದದ್ದು ತಾನೇ ಎಂದು ಅವನನ್ನೇ ಕೇಳುತ್ತಾಳೆ. ಆಶ್ಚರ್ಯವೆಂದರೆ, ಎಲ್ಲವನ್ನೂ ನಂಬುವ ಆ ಮನುಷ್ಯ ಈ ಸಲ ವಾದಿಸದೆ ಹೌದೆನ್ನುತ್ತಾನೆ.

ಇನ್ನೊಂದು ಸೂಚನೆ. ಈ ಕಂತಿಗೆ ಒಂದು ವರ್ಷ ಮೊದಲು, 1997ರ ಡಿಸೆಂಬರ್ 7 ಮತ್ತು 14ರಂದು, ‘ಕ್ರಿಸ್‌ಮಸ್ ಕ್ಯಾರಲ್’ ಮತ್ತು ‘ಎಮಿಲಿ’ ಎಂಬ ಜೋಡಿ ಕಂತುಗಳು ಬಂದವು. ಹಬ್ಬಕ್ಕೆಂದು ಅಣ್ಣನ ಮನೆಗೆ ಹೋದ ಸ್ಕಲ್ಲಿಗೆ ತನಗೊಬ್ಬಳು ಮಗಳಿದ್ದಾಳೆಂದು ತಿಳಿಯುವುದೂ, ಆ ಮಗು ಅವಳ ಕಣ್ಣೆದುರೇ ಸಾಯುವುದೂ ಅಲ್ಲಿಯೇ. ಮೊದಲು ಆ ಎರಡನ್ನು ನೋಡಿ, ಆಮೇಲೆ ದೆವ್ವಗಳ ಬಳಿಗೆ ಬನ್ನಿ. ಮರುವರ್ಷದ ಹಬ್ಬದ ರಾತ್ರಿ ಸ್ಕಲ್ಲಿಗೆ ನಿದ್ದೆ ಏಕೆ ಬರಲಿಲ್ಲ, ಅವಳು ಮಲ್ಡರನ ಬಾಗಿಲನ್ನೇ ಏಕೆ ತಟ್ಟಿದಳು ಎಂಬ ಪ್ರಶ್ನೆಯನ್ನಾದರೂ ಆಗ ನನಗೆ ಕಳುಹಿಸಬೇಕಾಗುವುದಿಲ್ಲ.