ಬೆಂಕಿಪೊಟ್ಟಣವೇ ಅಳತೆಗೋಲು: ಮ್ಯಾಚ್‌ಬಾಕ್ಸ್ ಆಟಿಕೆ ಕಾರುಗಳ ಚರಿತ್ರೆಯೂ ಶ್ರೇಣಿಗಳೂ

ಡೈ-ಕಾಸ್ಟ್ ಆಟಿಕೆಗಳನ್ನು, ಎಂದರೆ ಕರಗಿದ ಲೋಹವನ್ನು ಅಚ್ಚಿನೊಳಗೆ ಒತ್ತಡದಿಂದ ಎರಕ ಹೊಯ್ದು ಮಾಡಿದ ಆಟಿಕೆಗಳನ್ನು, ಅಧ್ಯಯನ ಮಾಡುವವರು ಸಾಮಾನ್ಯವಾಗಿ ಕಾರಿನಿಂದ ಆರಂಭಿಸುತ್ತಾರೆ. ಮ್ಯಾಚ್‌ಬಾಕ್ಸ್ ವಿಷಯದಲ್ಲಿ ಮಾತ್ರ ಪೊಟ್ಟಣದಿಂದ ಆರಂಭಿಸುವುದು ಲೇಸು. ಈ ಬ್ರ್ಯಾಂಡ್‌ನ ಹೆಸರು, ಮಾದರಿಗಳ ಗಾತ್ರ, ಅವುಗಳ ಪ್ರಮಾಣ (ನಿಜವಾಹನಕ್ಕಿಂತ ಮಾದರಿ ಎಷ್ಟು ಪಟ್ಟು ಚಿಕ್ಕದೆಂಬ ಅನುಪಾತ), ಕೊನೆಗೆ ಮಕ್ಕಳ ಕೈಗೆಟುಕುವಂತಿದ್ದ ಬೆಲೆ, ಇವೆಲ್ಲವೂ ಆ ಪುಟ್ಟ ರಟ್ಟಿನ ಪೊಟ್ಟಣದಿಂದಲೇ ನಿರ್ಧಾರವಾದವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಇಸವಿಗಳೂ ಶ್ರೇಣಿಗಳ ಹೆಸರುಗಳೂ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತವೆ.

ಲೆಸ್ನಿಯ ಆರಂಭ

1947ರ ಜನವರಿಯಲ್ಲಿ ಲಂಡನ್ ನಗರದಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬ ಇಬ್ಬರು ಶಾಲಾ ಗೆಳೆಯರು ಲೆಸ್ನಿ ಪ್ರಾಡಕ್ಟ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಇಬ್ಬರ ಮನೆತನದ ಹೆಸರು ಒಂದೇ ಆದರೂ ಅವರು ಸಂಬಂಧಿಕರಾಗಿರಲಿಲ್ಲ. ಲೆಸ್ಲಿಯ ಮೊದಲ ಭಾಗವನ್ನೂ ರಾಡ್ನಿಯ ಕೊನೆಯ ಭಾಗವನ್ನೂ ಕೂಡಿಸಿ ಲೆಸ್ನಿ ಎಂಬ ಹೆಸರನ್ನು ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಇವರು ಉತ್ತರ ಲಂಡನ್ನಿನ ಹಳೆಯ ಪಬ್ ಒಂದರ ಕಟ್ಟಡದಲ್ಲಿ ಎರಕದ ಯಂತ್ರವನ್ನಿಟ್ಟು ಕೈಗಾರಿಕೆಗಳಿಗೆ ಬೇಕಾದ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಎರಕದ ಕೆಲಸದಲ್ಲಿ ನುರಿತಿದ್ದ ಜ್ಯಾಕ್ ಒಡೆಲ್ ಅವರು ಸೇರಿದ ಮೇಲೆ ಕಂಪನಿಗೆ ತಾಂತ್ರಿಕ ಬಲ ಬಂದಿತು.

ಬಿಡಿಭಾಗಗಳ ತಯಾರಿಕೆಯಿಂದ ಆಟಿಕೆಯ ಕಡೆಗೆ ಹೊರಳಲು ಕಾರಣವಾದದ್ದು ತೆರಿಗೆಯ ಲೆಕ್ಕ. ವರ್ಷದ ಕೊನೆಯಲ್ಲಿ ಗೋದಾಮಿನ ದಾಸ್ತಾನು ಲೆಕ್ಕಕ್ಕೆ ಬರುತ್ತಿದ್ದುದರಿಂದ ಗಿರಾಕಿ ಕಂಪನಿಗಳು ಆ ತಿಂಗಳುಗಳಲ್ಲಿ ಬಿಡಿಭಾಗಗಳನ್ನು ಕೊಳ್ಳುವುದನ್ನು ಕಡಿಮೆ ಮಾಡುತ್ತಿದ್ದವು, ಲೆಸ್ನಿಯ ಯಂತ್ರಗಳು ಸುಮ್ಮನೆ ನಿಲ್ಲುತ್ತಿದ್ದವು. ಆ ಬಿಡುವನ್ನು ತುಂಬಲೆಂದು 1948ರಲ್ಲಿ ಅವೆಲಿಂಗ್ ಬಾರ್ಫರ್ಡ್ ಕಂಪನಿಯ ರೋಡ್ ರೋಲರ್‌ನ ಆಟಿಕೆಯನ್ನು ಎರಕ ಹೊಯ್ದರು. ಇದು ಪೊಟ್ಟಣದಲ್ಲಿ ಹಿಡಿಸದ, ಸಾಕಷ್ಟು ದೊಡ್ಡ ಆಟಿಕೆ. ಆಟಿಕೆಗಳಿಗೆ ಭವಿಷ್ಯವಿದೆಯೆಂದು ನಂಬದ ರಾಡ್ನಿ ಸ್ಮಿತ್ 1951ರಲ್ಲಿ ಪಾಲುದಾರಿಕೆಯನ್ನು ತೊರೆದರು.

ಅದೇ ಕಾಲದಲ್ಲಿ ಕೊರಿಯಾ ಯುದ್ಧದ ಕಾರಣ ಬ್ರಿಟನ್ನಿನಲ್ಲಿ ಆಟಿಕೆಗಳಿಗೆ ಸತುವಿನ ಬಳಕೆಯನ್ನು ನಿರ್ಬಂಧಿಸಲಾಗಿತ್ತು. ರಾಜವೈಭವದ ಸಾರೋಟಿನ ದೊಡ್ಡ ಮಾದರಿಯೊಂದರ ಕೆಲಸ ಇದರಿಂದ ಅರ್ಧಕ್ಕೆ ನಿಂತಿತು. ಅದರೊಳಗೆ ರಾಜ ಮತ್ತು ರಾಣಿ ಇಬ್ಬರ ಪ್ರತಿಮೆಗಳೂ ಇದ್ದವು. 1952ರ ಫೆಬ್ರವರಿಯಲ್ಲಿ ಆರನೆಯ ಜಾರ್ಜ್ ದೊರೆ ತೀರಿಕೊಂಡ ಬಳಿಕ ಅಚ್ಚನ್ನು ತಿದ್ದಿ ರಾಣಿಯನ್ನಷ್ಟೇ ಉಳಿಸಿಕೊಂಡರು. 1953ರ ಜೂನ್‌ನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದಾಗ ಇದೇ ಸಾರೋಟಿನ ಚಿಕ್ಕ ಆವೃತ್ತಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇಡೀ ಚರಿತ್ರೆಯಲ್ಲಿ ಒಂದೇ ಒಂದು ಮಾರಾಟದ ಅಂಕಿಯನ್ನು ನೆನಪಿಡುವುದಾದರೆ ಅದು ಇದೇ ಆಗಿರಲಿ ಎಂದು ನನ್ನ ಸಲಹೆ. ಚಿಕ್ಕದಾಗಿ, ನಯವಾಗಿ, ಅಗ್ಗವಾಗಿ ಮಾಡಿದರೆ ಎಷ್ಟು ಮಾರಬಹುದು ಎಂಬುದು ಲೆಸ್ನಿಗೆ ಮನವರಿಕೆಯಾದದ್ದು ಈ ಸಾರೋಟಿನಿಂದ.

ಪೊಟ್ಟಣದ ನಿಯಮ

ಒಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಂಥ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಮಗಳಿಗಾಗಿ ಅವರು ಕಂಪನಿಯ ಮೊದಲ ರೋಡ್ ರೋಲರ್ ಅನ್ನೇ ಕುಗ್ಗಿಸಿ ಹಿತ್ತಾಳೆಯಲ್ಲಿ ಒಂದು ಪುಟ್ಟ ಪ್ರತಿಯನ್ನು ಮಾಡಿಕೊಟ್ಟರು. ಅದನ್ನು ನೋಡಿದ ಇತರ ಮಕ್ಕಳೂ ತಮಗೊಂದು ಬೇಕೆಂದರು. 1953ರಲ್ಲಿ ಹಸಿರು ಮೈಯ, ಕೆಂಪು ಉರುಳೆಗಳ ರೋಡ್ ರೋಲರ್, ಮ್ಯಾಚ್‌ಬಾಕ್ಸ್ (ಬೆಂಕಿಪೊಟ್ಟಣ) ಎಂದು ಲೆಸ್ನಿ ಹೆಸರಿಟ್ಟ ಹೊಸ ಶ್ರೇಣಿಯ ಮೊದಲನೆಯ ಸಂಖ್ಯೆಯಾಗಿ ಮಾರುಕಟ್ಟೆಗೆ ಬಂದಿತು. ಎರಡನೆಯದು ಡಂಪರ್, ಮೂರನೆಯದು ಸಿಮೆಂಟ್ ಮಿಕ್ಸರ್. ಮೊದಲ ಮೂರೂ ಕಟ್ಟಡ ಮತ್ತು ರಸ್ತೆ ಕೆಲಸದ ಯಂತ್ರಗಳೇ ಎಂಬುದನ್ನು ಗಮನಿಸಬೇಕು. ಸವಾರಿಯ ಕಾರು ಈ ಶ್ರೇಣಿಗೆ ಬಂದದ್ದು ಹತ್ತೊಂಬತ್ತನೆಯ ಸಂಖ್ಯೆಯ ಎಂಜಿ ಸ್ಪೋರ್ಟ್ಸ್ ಕಾರಿನ ಮೂಲಕ.

ಪ್ರತಿ ಮಾದರಿಯನ್ನೂ ನಿಜವಾದ ಬೆಂಕಿಪೊಟ್ಟಣವನ್ನು ಹೋಲುವ, ಎಳೆದು ತೆರೆಯುವ ಪೊಟ್ಟಣದಲ್ಲಿಟ್ಟು ಮಾರುತ್ತಿದ್ದರು. ಇದರಿಂದ ಒಂದು ಮುಖ್ಯ ತಾಂತ್ರಿಕ ಪರಿಣಾಮ ಉಂಟಾಯಿತು. ಎಲ್ಲ ವಾಹನಗಳೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಹೊಂದಬೇಕಾಗಿದ್ದುದರಿಂದ ಸ್ಥಿರವಾದ ಪ್ರಮಾಣ ಎಂಬುದು ಇರಲಿಲ್ಲ. ಎರಡು ಅಂತಸ್ತಿನ ಲಂಡನ್ ಬಸ್ಸೂ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರೂ ಪಕ್ಕಪಕ್ಕದಲ್ಲಿ ಸರಿಸಮನಾಗಿ ನಿಲ್ಲುತ್ತಿದ್ದವು. ಸಂಗ್ರಾಹಕರು ಇದನ್ನು ಪೊಟ್ಟಣದ ಪ್ರಮಾಣವೆಂದು ಕರೆಯುತ್ತಾರೆ. 1:43 ಅಥವಾ 1:64 ಎಂಬ ನಿಶ್ಚಿತ ಪ್ರಮಾಣಗಳಿಗೆ ಒಗ್ಗಿದವರಿಗೆ ಇದು ದೋಷವೆಂದು ಕಾಣಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಆಟವಾಡುವ ಮಗುವಿನ ಅಂಗೈಯೇ ಇಲ್ಲಿನ ಮಾಪಕವಾಗಿತ್ತು.

ಮಾದರಿಗಳ ಸಂಖ್ಯೆ 75ಕ್ಕೆ ತಲುಪಿದಾಗ ಅಲ್ಲಿಗೇ ನಿಲ್ಲಿಸಿ, ಮುಂದೆ ಹಳೆಯದೊಂದನ್ನು ಕೈಬಿಟ್ಟು ಅದರ ಸಂಖ್ಯೆಯನ್ನು ಹೊಸದಕ್ಕೆ ಕೊಡುವ ಪದ್ಧತಿಯನ್ನು ಅನುಸರಿಸಿದರು. ಹೀಗಾಗಿ 1ರಿಂದ 75ರ ಶ್ರೇಣಿಯಲ್ಲಿ ಒಂದೇ ಸಂಖ್ಯೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ವಾಹನಗಳನ್ನು ಸೂಚಿಸುತ್ತದೆ, ಆದ್ದರಿಂದ ಸಂಗ್ರಾಹಕರು ಸಂಖ್ಯೆಯ ಮುಂದೆ ಎ, ಬಿ, ಸಿ ಎಂಬ ಅಕ್ಷರಗಳನ್ನು ಸೇರಿಸಿ ತಲೆಮಾರುಗಳನ್ನು ಗುರುತಿಸುತ್ತಾರೆ. ಕೆಂಪು ಲಂಡನ್ ಬಸ್ಸು ಮಾತ್ರ 1954ರಿಂದ ಹಲವು ತಲೆಮಾರುಗಳವರೆಗೆ ಐದನೆಯ ಸಂಖ್ಯೆಯನ್ನು ಬಿಟ್ಟುಕೊಡಲಿಲ್ಲ.

ಎರಕ, ಚಕ್ರ, ತಳ

ಕನ್ನಡದಲ್ಲಿ ಅಚ್ಚು ಎಂದರೆ ಎರಕ ಹೊಯ್ಯುವ ಸಾಧನವೂ ಹೌದು, ಗಾಡಿಯ ಚಕ್ರಗಳನ್ನು ಕೂಡಿಸುವ ದಂಡವೂ ಹೌದು. ಈ ವಿಷಯದಲ್ಲಿ ಎರಡೂ ಮತ್ತೆಮತ್ತೆ ಬರುವುದರಿಂದ ಗೊಂದಲವಾಗದಂತೆ ಎರಡನೆಯದನ್ನು ಆಕ್ಸಲ್ ಎಂದೇ ಬರೆಯುತ್ತೇನೆ.

ಈ ಕಾರುಗಳ ಮೈ ಸತುವಿನ ಮಿಶ್ರಲೋಹದ್ದು. ಅದರಲ್ಲಿ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಇರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಉಕ್ಕಿನ ಅಚ್ಚು ಬೇಗ ಸವೆಯುವುದಿಲ್ಲ, ಮತ್ತು ಒತ್ತಡದಿಂದ ನುಗ್ಗಿದ ದ್ರವಲೋಹ ಬಾಗಿಲಿನ ಗೆರೆ, ದೀಪದ ಉಂಗುರ, ಮುಂಭಾಗದ ಜಾಲರಿ ಮುಂತಾದ ಸೂಕ್ಷ್ಮಗಳನ್ನೂ ತುಂಬುತ್ತದೆ. ಲೋಹ ಶುದ್ಧವಾಗಿರುವುದು ಇಲ್ಲಿ ಬಹಳ ಮುಖ್ಯ. ಸೀಸದಂಥ ಕಲ್ಮಶ ಸ್ವಲ್ಪವೇ ಬೆರೆತರೂ ವರ್ಷಗಳು ಕಳೆದಂತೆ ಎರಕ ಒಳಗಿಂದಲೇ ಬಿರುಕುಬಿಟ್ಟು ಪುಡಿಯಾಗುತ್ತದೆ; 1930ರ ದಶಕದ ಅನೇಕ ಡೈ-ಕಾಸ್ಟ್ ಆಟಿಕೆಗಳು ಹೀಗೆಯೇ ನಾಶವಾಗಿವೆ.

ಹಳೆಯ ಮ್ಯಾಚ್‌ಬಾಕ್ಸ್ ಒಂದನ್ನು ಕೈಗೆತ್ತಿಕೊಂಡಾಗ ಮೊದಲು ಮಗುಚಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. 1950 ಮತ್ತು 60ರ ದಶಕಗಳ ಮಾದರಿಯಾದರೆ ತಳದಲ್ಲಿ ಲೆಸ್ನಿಯ ಹೆಸರೂ ಇಂಗ್ಲೆಂಡಿನಲ್ಲಿ ತಯಾರಾದುದೆಂಬ ಒಕ್ಕಣೆಯೂ ಉಬ್ಬಕ್ಷರಗಳಲ್ಲಿರುತ್ತವೆ. ಅನಂತರ ಚಕ್ರಗಳನ್ನು ನೋಡಬೇಕು: ಆರಂಭದವು ಲೋಹದ ಚಕ್ರಗಳು, ಆಮೇಲೆ ಬೂದು ಪ್ಲಾಸ್ಟಿಕ್, ಅದಾದ ಮೇಲೆ ಕಪ್ಪು ಪ್ಲಾಸ್ಟಿಕ್. ಆಕ್ಸಲ್‌ನ ತುದಿಯೂ ಸಾಕ್ಷಿ ಹೇಳುತ್ತದೆ. ಮೊದಮೊದಲು ಅದನ್ನು ಚಪ್ಪಟೆಯಾಗಿ ಜಜ್ಜಿ ಬಿಡುತ್ತಿದ್ದರು, ಮುಂದೆ ರಿವೆಟ್ಟಿನ ತಲೆಯಂತೆ ದುಂಡಗೆ ಮಾಡತೊಡಗಿದರು. ಒಂದು ಎಚ್ಚರಿಕೆಯ ಮಾತು: ತಳದ ಮೇಲೆ ಇಸವಿ ಇದ್ದರೆ ಅದು ವಿನ್ಯಾಸದ ಹಕ್ಕಿನ ವರ್ಷವೇ ಹೊರತು ಕೈಯಲ್ಲಿರುವ ಕಾರು ತಯಾರಾದ ವರ್ಷವೆಂದು ತಿಳಿಯಬಾರದು. ಅದೇ ಅಚ್ಚು ಎಷ್ಟೋ ವರ್ಷ ದುಡಿದಿರಬಹುದು. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಇತರ ಶ್ರೇಣಿಗಳು

1956ರಲ್ಲಿ ಆರಂಭವಾದ ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್ ಶ್ರೇಣಿ ಹಳೆಯ ಕಾಲದ ವಾಹನಗಳಿಗೆ ಮೀಸಲಾಗಿತ್ತು. ಆಲ್ಚಿನ್ ಉಗಿ ಎಳೆಯಂತ್ರ ಅದರ ಮೊದಲ ಮಾದರಿ. ಹಿತ್ತಾಳೆಯ ಬಣ್ಣದ ದೀಪಗಳು, ಕಡ್ಡಿಗಳುಳ್ಳ ಚಕ್ರಗಳು ಮುಂತಾದ ಕುಸುರಿಯಿಂದ ಅದು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರನ್ನು ಸೆಳೆಯಿತು, ಮತ್ತು ಡೈ-ಕಾಸ್ಟ್ ಕಾರನ್ನು ಕಪಾಟಿನಲ್ಲಿಟ್ಟು ಕಾಪಾಡುವ ಹವ್ಯಾಸಕ್ಕೆ ದಾರಿ ತೋರಿದ ಶ್ರೇಣಿಗಳಲ್ಲಿ ಒಂದಾಯಿತು. ಪೊಟ್ಟಣಕ್ಕೆ ಹಿಡಿಸದ ಲಾರಿ, ಟ್ರೇಲರ್‌ಗಳಿಗಾಗಿ 1957ರಲ್ಲಿ ಮೇಜರ್ ಪ್ಯಾಕ್, 1960ರಲ್ಲಿ ಕಿಂಗ್ ಸೈಜ್ ಬಂದವು. 1970ರ ದಶಕದಲ್ಲಿ ಸೂಪರ್ ಕಿಂಗ್ಸ್, ವಿಮಾನಗಳ ಸ್ಕೈಬಸ್ಟರ್ಸ್, ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಕಿಟ್‌ಗಳು ಸೇರಿಕೊಂಡವು.

1968ರ ಪೆಟ್ಟು

ಆ ವರ್ಷ ಅಮೆರಿಕದ ಮ್ಯಾಟೆಲ್ ಕಂಪನಿ 16 ಮಾದರಿಗಳೊಂದಿಗೆ ಹಾಟ್ ವೀಲ್ಸ್ ಅನ್ನು ಮಾರುಕಟ್ಟೆಗೆ ತಂದಿತು. ಹೊಳೆಯುವ ಬಣ್ಣಗಳಿಗಿಂತಲೂ ಅದರ ತೆಳ್ಳನೆಯ ಆಕ್ಸಲ್ ಮತ್ತು ಘರ್ಷಣೆ ಕಡಿಮೆಯಿರುವ ಪ್ಲಾಸ್ಟಿಕ್ ಚಕ್ರಗಳು ಹೆಚ್ಚಿನ ಆಘಾತ ತಂದವು. ಇಳಿಜಾರಿನ ಪಟ್ಟಿಯ ಮೇಲೆ ಅವು ಜಾರಿ ಓಡುತ್ತಿದ್ದರೆ, ದಪ್ಪ ಆಕ್ಸಲ್‌ನ ಮ್ಯಾಚ್‌ಬಾಕ್ಸ್ ಕಾರುಗಳು ಹಿಂದೆ ಉಳಿಯುತ್ತಿದ್ದವು. ಪೊಟ್ಟಣಕ್ಕೆ ಹೊಂದುವ ಗಾತ್ರ ಮತ್ತು ನಿಜವಾಹನದ ಹೋಲಿಕೆ, ಇವೆರಡನ್ನೇ ನೆಚ್ಚಿಕೊಂಡಿದ್ದ ಲೆಸ್ನಿಗೆ ಈಗ ವೇಗವೆಂಬ ಮೂರನೆಯ ಅಳತೆ ಎದುರಾಯಿತು. ಅಮೆರಿಕದ ಮಾರಾಟ ಕುಸಿದಾಗ ಕಂಪನಿ ತಡಮಾಡಲಿಲ್ಲ. 1969ರಲ್ಲಿ ಸೂಪರ್‌ಫಾಸ್ಟ್ ಎಂಬ ಹೆಸರಿನಲ್ಲಿ ತೆಳು ಆಕ್ಸಲ್‌ಗಳ ಕಾರುಗಳನ್ನು ಹೊರತಂದು, ಮುಂದಿನ ವರ್ಷದ ಹೊತ್ತಿಗೆ ಬಹುತೇಕ ಇಡೀ ಶ್ರೇಣಿಯನ್ನು ಬದಲಾಯಿಸಿತು. ಹಳೆಯ ಮೈಗೆ ಹೊಸ ಚಕ್ರ ತೊಡಿಸಿದ ಆ ಪರಿವರ್ತನೆಯ ಕಾಲದ ಮಾದರಿಗಳು ಅಧ್ಯಯನಕ್ಕೆ ಅತ್ಯಂತ ರಸವತ್ತಾದವು. ಒಂದೇ ಎರಕದ ಎರಡು ಕಾರುಗಳನ್ನು, ಒಂದು ಕಪ್ಪು ಚಕ್ರದ್ದು, ಇನ್ನೊಂದು ಸೂಪರ್‌ಫಾಸ್ಟ್, ಜೊತೆಗಿಟ್ಟು ಬೆರಳಿನಿಂದ ತಳ್ಳಿದರೆ ಚರಿತ್ರೆಯ ಆ ತಿರುವು ಕಣ್ಣೆದುರೇ ಕಾಣುತ್ತದೆ.

ಕೈ ಬದಲಾದ ಒಡೆತನ

1980ರ ದಶಕದ ಆರಂಭದ ಆರ್ಥಿಕ ಹಿಂಜರಿತವನ್ನೂ ರಫ್ತನ್ನು ದುಬಾರಿಯಾಗಿಸಿದ ಪೌಂಡಿನ ಏರಿಕೆಯನ್ನೂ ತಾಳಲಾರದೆ ಲೆಸ್ನಿ 1982ರ ಜೂನ್‌ನಲ್ಲಿ ದಿವಾಳಿಯಾಯಿತು. ಹಾಂಗ್‌ಕಾಂಗ್‌ನ ಯೂನಿವರ್ಸಲ್ ಸಂಸ್ಥೆ ಬ್ರ್ಯಾಂಡನ್ನು ಕೊಂಡಿತು; ತಯಾರಿಕೆ ಏಷ್ಯಾಕ್ಕೆ ಸಾಗಿದಂತೆ ತಳದ ಮೇಲೆ ಇಂಗ್ಲೆಂಡಿನ ಜಾಗದಲ್ಲಿ ಮಕಾವ್, ಚೀನಾ, ಥಾಯ್ಲೆಂಡ್ ಎಂಬ ಹೆಸರುಗಳು ಕಾಣಿಸಿಕೊಂಡವು. ಒಡೆಲ್ ಅವರು ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗಾಗಿಸಿ ಲೆಡೋ ಎಂಬ ಹೊಸ ಕಂಪನಿಯನ್ನು ತೆರೆದು ಹಳೆಯ ಕಾಲದ ವಾಹನಗಳ ಮಾದರಿಗಳನ್ನು ಮಾಡುವುದನ್ನು ಮುಂದುವರಿಸಿದರು. 1992ರಲ್ಲಿ ಮ್ಯಾಚ್‌ಬಾಕ್ಸ್ ಟೈಕೋ ಕಂಪನಿಯ ಪಾಲಾಯಿತು, 1997ರಲ್ಲಿ ಟೈಕೋವನ್ನು ಮ್ಯಾಟೆಲ್ ತನ್ನೊಳಗೆ ಸೇರಿಸಿಕೊಂಡಿತು.

ಹೀಗೆ ಪ್ರತಿಸ್ಪರ್ಧಿಗಳಿಬ್ಬರೂ ಒಂದೇ ಮನೆ ಸೇರಿದರು. ಇಂದು ಹಾಟ್ ವೀಲ್ಸ್‌ಗೆ ರೇಸಿನ ಕಾರುಗಳೂ ಕಲ್ಪನೆಯ ವಿನ್ಯಾಸಗಳೂ ಹೆಚ್ಚಾಗಿ ಸಲ್ಲುತ್ತವೆ; ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್, ಪಿಕಪ್, ರಸ್ತೆ ಕೆಲಸದ ಯಂತ್ರ, ದಿನನಿತ್ಯ ಬೀದಿಯಲ್ಲಿ ಕಾಣುವ ಕಾರುಗಳು ಹೆಚ್ಚಾಗಿ ಮ್ಯಾಚ್‌ಬಾಕ್ಸ್‌ನ ಪಾಲಿಗೆ ಬಂದಿವೆ. ಬಾಗಿಲು ಅಥವಾ ಬಾನೆಟ್ ತೆರೆಯುವ ಮೂವಿಂಗ್ ಪಾರ್ಟ್ಸ್ ಉಪಶ್ರೇಣಿಯಲ್ಲಿ ಲೆಸ್ನಿ ಕಾಲದ ಕುಶಲತೆಯ ಛಾಯೆಯಿದೆ. 2021ರಲ್ಲಿ ಶೇ. 99ರಷ್ಟು ಮರುಬಳಕೆಯ ವಸ್ತುಗಳಿಂದ ಮಾಡಿದ ಟೆಸ್ಲಾ ರೋಡ್‌ಸ್ಟರ್ ಮಾದರಿಯನ್ನು ಮ್ಯಾಟೆಲ್ ಪ್ರಕಟಿಸಿತು. ಕೊರಿಯಾ ಯುದ್ಧದ ಕಾಲದಲ್ಲಿ ಸತು ಸಿಗದೆ ಕೆಲಸ ನಿಲ್ಲಿಸಿದ್ದ ಬ್ರ್ಯಾಂಡ್, ಬಳಸಿ ಬಿಟ್ಟ ಸತುವನ್ನೇ ಮತ್ತೆ ಕರಗಿಸಿ ಆ ಕಾರಿನ ಮೈಯನ್ನು ಎರಕ ಹೊಯ್ದಿದೆ.